ಮೋಲ್‌ಗೆ ಹೆಗ್ಗಣದ ಮದ್ದು ನಡೆಯದು

ಇಂಗ್ಲೆಂಡಿನಲ್ಲಿ ನೆಲೆಸಿದ ನಮ್ಮವರು ಹಿತ್ತಲಿನ ಲಾನ್‌ನಲ್ಲಿ ರಾತ್ರೋರಾತ್ರಿ ಎದ್ದ ಮಣ್ಣಿನ ಗುಡ್ಡೆಗಳನ್ನು ಕಂಡೊಡನೆ ಇಲಿ ಪಾಷಾಣ ಹುಡುಕುತ್ತಾರೆ. ಊರ ಕಡೆ ಹೆಗ್ಗಣಕ್ಕೆ ಮಾಡುವುದು ಅದನ್ನೇ ತಾನೆ: ಎರಡು ಮೂರು ದಿನ ಬರೀ ನುಚ್ಚಿಟ್ಟು ರುಚಿ ಹತ್ತಿಸಿ, ಆಮೇಲೆ 96 ಪಾಲು ನುಚ್ಚಿಗೆ 2 ಪಾಲು ಎಣ್ಣೆ, 2 ಪಾಲು ಜಿಂಕ್ ಫಾಸ್ಫೈಡ್ ಎಂಬ ಇಲಿವಿಷ ಕಲಸಿ ಬಿಲಕ್ಕೆ ಹಾಕುವುದು. ಆದರೆ ಈ ಗುಡ್ಡೆ ಎಬ್ಬಿಸುವುದು ಮೋಲ್, ನೆಲದಡಿ ಸುರಂಗ ತೋಡಿ ಬದುಕುವ ಸಣ್ಣ ಪ್ರಾಣಿ. ಅದು ಕಾಳು ಮೂಸುವುದೂ ಇಲ್ಲ. ಅದರ ಊಟ ಎರೆಹುಳ, ಗೊಣ್ಣೆಹುಳ. ಗೆಡ್ಡೆ ಕಚ್ಚಿದ ಗುರುತು ಕಂಡರೆ ಅದು ಮೋಲ್ ತೋಡಿದ ಸುರಂಗದಲ್ಲಿ ಓಡಾಡುವ ಇಲಿಯ ಕೆಲಸ.

ಮೋಲ್‌ನಿಂದ ಆಗುವ ಹಾನಿಯೇ ಬೇರೆ. ಸುರಂಗದ ಮೇಲಿನ ಬೇರಿಗೆ ಮಣ್ಣಿನ ಹಿಡಿತ ತಪ್ಪಿ ಸಸಿ ಒಣಗುತ್ತದೆ, ಗುಡ್ಡೆಯಡಿ ಹುಲ್ಲು ಹಳದಿಯಾಗುತ್ತದೆ, ಗುಡ್ಡೆಯ ಕಲ್ಲು ತಗುಲಿ ಹುಲ್ಲು ಕತ್ತರಿಸುವ ಮೋವರ್ ಅಲಗು ಮೊಂಡಾಗುತ್ತದೆ.

ಊರಿನ ಒಂದು ಉಪಾಯ ಮಾತ್ರ ಇಲ್ಲಿಗೂ ಸರಿ. ಸಂಜೆ ಬಿಲಗಳನ್ನೆಲ್ಲ ಮುಚ್ಚಿ, ಬೆಳಿಗ್ಗೆ ತೆರೆದದ್ದರಲ್ಲಿ ಹೆಗ್ಗಣವಿದೆ ಎಂದು ತಿಳಿಯುತ್ತೇವಲ್ಲ, ಹಾಗೆಯೇ ಉಬ್ಬಿದ ಸುರಂಗವನ್ನು ಕಾಲಿನಿಂದ ಅದುಮಿ ಬಿಡಿ. ಮರುದಿನ ಮತ್ತೆ ಉಬ್ಬಿದರೆ ಅಲ್ಲಿ ಓಡಾಟವಿದೆ.

ಮೋಲ್ ಹಿಡಿಯಲು ಬೋನು ಇಡುವ ಜಾಗ ಗುಡ್ಡೆಯಲ್ಲ, ಎರಡು ಗುಡ್ಡೆಗಳ ನಡುವಿನ ದಾರಿ. ಕಬ್ಬಿಣದ ಸರಳು ಚುಚ್ಚುತ್ತ ಹೋಗಿ. ಸುಮಾರು 10ರಿಂದ 20 ಸೆಂಟಿಮೀಟರ್ ಆಳದಲ್ಲಿ ಸರಳು ತಟ್ಟನೆ ಜಾರಿದರೆ ಸುರಂಗ ಸಿಕ್ಕಿತು. ಹುಲ್ಲುಹೆಂಟೆ ಕತ್ತರಿಸಿ ತೆಗೆದು, ಉದುರಿದ ಮಣ್ಣು ಬಳಿದು, ತಳ ಅದುಮಿ, ಕತ್ತರಿ ಬೋನನ್ನು (ಕತ್ತರಿಯಂತೆ ಅದುಮಿ ಹಿಡಿಯುವ ಬೋನು) ಸುರಂಗದ ನೇರಕ್ಕೆ ಕೂರಿಸಿ. ಮೇಲಿನ ಸಂದುಗಳನ್ನು ಹೆಂಟೆಯಿಂದ ಮುಚ್ಚಿ. ಬೆಳಕೋ ಗಾಳಿಯೋ ಒಳಗೆ ಹೊಕ್ಕರೆ ಮೋಲ್ ಮಣ್ಣು ತಳ್ಳಿ ಬೋನನ್ನೇ ತುಂಬಿಸಿಬಿಡುತ್ತದೆ. ಖಾಲಿ ಬೋನಿಗೆ ಬಹುಪಾಲು ಇದೇ ಕಾರಣ. ದಿನಕ್ಕೊಮ್ಮೆ ನೋಡಲೇಬೇಕು, ಅರೆಜೀವವಾಗಿ ನರಳಲು ಬಿಡುವುದು ಕ್ರೌರ್ಯ.

ಮೋಲ್‌ಗೆ ಸ್ಟ್ರಿಕ್ನಿನ್ ಎಂಬ ವಿಷ ಹಾಕುವುದು ಬ್ರಿಟನ್ನಿನಲ್ಲಿ 2006ರಲ್ಲೇ ನಿಂತಿತು. ಅಲ್ಯೂಮಿನಿಯಂ ಫಾಸ್ಫೈಡ್ ತರಬೇತಿ ಪಡೆದವರ ಕೈಗೆ ಮಾತ್ರ. ತೇವ ತಗುಲಿದರೆ ಫಾಸ್ಫೀನ್ ವಿಷಾನಿಲ ಬಿಡುವ ವಸ್ತು ಅದು. ಬೆಳ್ಳುಳ್ಳಿ, ನುಸಿಗುಳಿಗೆ, ಸದ್ದು ಮಾಡುವ ಬ್ಯಾಟರಿ ಕೋಲು, ಇವೆಲ್ಲ ನನ್ನ ಲೆಕ್ಕದಲ್ಲಿ ದುಡ್ಡು ದಂಡ. ಎರೆಹುಳ ಕೊಂದು ಮೋಲ್ ಓಡಿಸುವ ಯೋಚನೆಯಂತೂ ಶುದ್ಧ ಮೂರ್ಖತನ. ಹೊಸ ಲಾನ್ ಹಾಕುವವರು ಹುಲ್ಲಿನಡಿ ಬಲೆ ಹಾಸಿಬಿಟ್ಟರೆ ಗುಡ್ಡೆ ಏಳುವುದಿಲ್ಲ.

ಎದ್ದ ಗುಡ್ಡೆಯನ್ನು ತುಳಿದು ಸಮ ಮಾಡಬೇಡಿ, ಹುಲ್ಲು ಉಸಿರುಗಟ್ಟಿ ಸಾಯುತ್ತದೆ. ಸಲಿಕೆಯಲ್ಲಿ ಎತ್ತಿ ಕುಂಡಗಳಿಗೆ ತುಂಬಿ. ಹುಡಿಹುಡಿಯಾದ ಒಳ್ಳೆಯ ಮಣ್ಣದು. ಮೋಲ್ ಒಂಟಿ ಪ್ರಾಣಿ, ಹತ್ತು ಗುಡ್ಡೆ ಇದ್ದರೂ ತೋಡಿದ್ದು ಒಂದೇ ಇರಬಹುದು. ಆದರೆ ಖಾಲಿಯಾದ ಸುರಂಗಕ್ಕೆ ಪಕ್ಕದ ಹೊಲದ ಇನ್ನೊಂದು ಬಂದು ಸೇರುವುದು ಮಾಮೂಲು, ಬೋನನ್ನು ತೊಳೆದು ಅಟ್ಟಕ್ಕೆ ಹಾಕುವ ಆತುರ ಬೇಡ.