ಗಂಗೂಬಾಯಿಯವರ ಹಿಂದೆ ಕುಳಿತು ಹಾಡಿದವರು

ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಬಗ್ಗೆ ಯಾರೇ ಬರೆದರೂ ಕೆಲವು ಸಂಗತಿಗಳು ಬಂದೇ ಬರುತ್ತವೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ ಹುಡುಗಿಗೆ, ಜಾತಿಯ ಕಾರಣದಿಂದ ಎಂಜಲೆಲೆ ತೆಗೆಯಲು ಹೇಳಿಯಾರೆಂಬ ಅಂಜಿಕೆ ಇತ್ತು. ಗಂಟಲಿನ ಚಿಕಿತ್ಸೆಯ ನಂತರ ದನಿ ಗಡುಸಾಯಿತು. ಎರಡೂ ನಿಜವೇ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ನನಗೆ ಸಿಟ್ಟು ಬರುತ್ತದೆ. ಅವೆಲ್ಲ ಅವರಿಗೆ ಒದಗಿದ ಕಷ್ಟಗಳು. ಅವರು ದುಡಿದು ಗಳಿಸಿದ ಗಾಯನದ ಮಾತು ಎಲ್ಲಿ ಹೋಯಿತು?

ಕುಂದಗೋಳದಿಂದ ಶುರು ಮಾಡಬೇಕು. ಹುಬ್ಬಳ್ಳಿಯಿಂದ ರೈಲು ಹಿಡಿದು ಅವರು ಅಲ್ಲಿದ್ದ ಗಾಯಕ ಸವಾಯಿ ಗಂಧರ್ವರ ಬಳಿಗೆ ಕಲಿಯಲು ಹೋಗುತ್ತಿದ್ದರು. ಅದೇ ಗುರುಗಳ ಬಳಿ ಭೀಮಸೇನ ಜೋಶಿಯವರೂ ಕಲಿಯುತ್ತಿದ್ದರು. ಅಷ್ಟರಲ್ಲಾಗಲೇ ಗಂಗೂಬಾಯಿ ಧ್ವನಿಮುದ್ರಿಕೆಗಳ ಮೂಲಕ ಹೆಸರಾದ ಗಾಯಕಿ, ಮಕ್ಕಳ ತಾಯಿ. ಹಾಗಿದ್ದೂ ಗುರುಗಳ ಮುಂದೆ ಕುಳಿತು, ಒಂದೇ ಸ್ವರಗುಚ್ಛವನ್ನು ಸರಿಹೋಗುವ ತನಕ ಮತ್ತೆ ಮತ್ತೆ ಹಾಡಿದರು. ಕೈಗೆ ಬಂದ ಹೆಸರನ್ನು ಬದಿಗಿಟ್ಟು ವಿದ್ಯಾರ್ಥಿನಿಯಾಗಿ ಕೂರುವುದು ಎಂಥ ಗಟ್ಟಿತನ! ಮೊದಲು ಠುಮ್ರಿ, ಭಜನೆಗಳಂಥ ಲಘು ಪ್ರಕಾರಗಳನ್ನೂ ಹಾಡುತ್ತಿದ್ದವರು 1945ರ ಸುಮಾರಿಗೆ ಅವನ್ನು ಬಿಟ್ಟು ಶುದ್ಧ ರಾಗಸಂಗೀತಕ್ಕೇ ನಿಂತುಬಿಟ್ಟರು. ಪತಿ ಗುರುರಾವ್ ಕೌಲಗಿ ಅವರ ವ್ಯವಹಾರ ಕೈಹಿಡಿದಿರಲಿಲ್ಲ. ಕಛೇರಿಗಳ ಸಂಭಾವನೆಯಿಂದ ಮನೆ ನಡೆಯಬೇಕಿತ್ತು. ಜನ ಸುಲಭವಾಗಿ ಮೆಚ್ಚುವುದನ್ನು ಅಂಥ ಹೊತ್ತಿನಲ್ಲಿ ಬಿಡುವುದಕ್ಕೆ ಎಂಟೆದೆ ಬೇಕು. ಮಾರ್ವಾ, ಪೂರಿಯಾ, ಚಂದ್ರಕೌಂಸ್‌ನಂಥ ರಾಗಗಳನ್ನು ಅವರು ನಿಧಾನವಾಗಿ, ಒಂದೊಂದು ಸ್ವರವನ್ನೂ ತೂಗಿ ಬೆಳೆಸುವುದನ್ನು ಕೇಳಿದಾಗ ಆ ಹಟದ ಬೆಲೆ ತಿಳಿಯುತ್ತದೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇನ್ನಿಬ್ಬರು ಹೆಣ್ಣುಮಕ್ಕಳ ವಿಷಯ: ಗಂಗೂಬಾಯಿಯವರ ತಾಯಿ ಮತ್ತು ಮಗಳು.

ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆ ಎಂಬ ಗಾಯನ ಪರಂಪರೆಯ ಅಬ್ದುಲ್ ಕರೀಂ ಖಾನರೇ ಅವರ ಹಾಡು ಕೇಳಲು ಮನೆಗೆ ಬಂದಿದ್ದುಂಟು. ಮಗಳಿಗೆ ಹಿಂದೂಸ್ತಾನಿ ಸಂಗೀತ ಹತ್ತಬೇಕು, ತನ್ನ ಶೈಲಿಯ ನೆರಳು ಅದರ ಮೇಲೆ ಬೀಳಬಾರದು ಎಂದು ಅಂಬಾಬಾಯಿ ತಮ್ಮ ಹಾಡನ್ನೇ ನಿಲ್ಲಿಸಿದರು. 1932ರಲ್ಲಿ ತೀರಿಕೊಂಡರು, ಮಗಳ ಏಳಿಗೆಯನ್ನು ಪೂರ್ತಿ ಕಾಣಲಿಲ್ಲ.

ಇತ್ತ ಗಂಗೂಬಾಯಿಯವರ ಮಗಳು ಕೃಷ್ಣಾ ಹಾನಗಲ್ ದಶಕಗಳ ಕಾಲ ತಾಯಿಯ ಹಿಂದೆ ಕುಳಿತು ಸಹಗಾಯನ ಮಾಡಿದರು. ಸ್ವತಃ ಒಳ್ಳೆಯ ಗಾಯಕಿ. ಇಬ್ಬರೂ ಕೂಡಿ ಹಾಡಿದ ಧ್ವನಿಮುದ್ರಣಗಳನ್ನು ಗಮನವಿಟ್ಟು ಕೇಳಿ: ಅಮ್ಮ ಉಸಿರಿಗೆಂದು ಬಿಟ್ಟ ಜಾಗದಲ್ಲಿ ಮಗಳು ರಾಗವನ್ನು ಎತ್ತಿಕೊಳ್ಳುತ್ತಾರೆ, ಅಮ್ಮನಿಗಿಂತ ಮುಂದೆ ಹೋಗದೆ ಮತ್ತೆ ಅವರ ಕೈಗೇ ಒಪ್ಪಿಸುತ್ತಾರೆ. ಗಂಟೆಗಟ್ಟಲೆ ಹೀಗೆ ಹಾಡಬೇಕಾದರೆ ರಾಗದ ಜೊತೆಗೆ ಎದುರಿನವರ ಮನಸ್ಸೂ ತಿಳಿದಿರಬೇಕು. ವಯಸ್ಸಾದ ಮೇಲೂ ಗಂಗೂಬಾಯಿಯವರ ಕಛೇರಿಗಳು ತುಂಬು ಕಛೇರಿಗಳಾಗಿ ಉಳಿದದ್ದರಲ್ಲಿ ಕೃಷ್ಣಾ ಅವರ ಪಾಲು ದೊಡ್ಡದು. ಅಮ್ಮನಿಗೆ 2002ರಲ್ಲಿ ಪದ್ಮವಿಭೂಷಣ ಬಂತು. 2004ರಲ್ಲಿ ಕ್ಯಾನ್ಸರ್ ಮಗಳನ್ನು ಕರೆದೊಯ್ದಿತು. ಅಷ್ಟಾದ ಮೇಲೂ 2006ರಲ್ಲಿ, 93ರ ವಯಸ್ಸಿನಲ್ಲಿ, ಗಂಗೂಬಾಯಿ ವೇದಿಕೆಗೆ ಬಂದು ಹಾಡಿದರು. ಪಕ್ಕದಲ್ಲಿ ಮಗಳಿಲ್ಲದೆ ಷಡ್ಜ ಹಚ್ಚುವಾಗ ಆ ಜೀವಕ್ಕೆ ಏನನ್ನಿಸಿತೋ!

ನಮ್ಮಲ್ಲಿ ಕಲಾವಿದರ ಜೀವನವನ್ನು ಬರೆಯುವವರು ಗುರುಗಳನ್ನು ತಪ್ಪದೆ ನೆನೆಯುತ್ತಾರೆ. ಮನೆಯ ಹೆಣ್ಣುಮಕ್ಕಳು ತಮ್ಮ ಹಾಡನ್ನು ಬಿಟ್ಟುಕೊಟ್ಟದ್ದು ಮಾತ್ರ ತ್ಯಾಗವೆಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಅಂಬಾಬಾಯಿ, ಕೃಷ್ಣಾ ಇಬ್ಬರೂ ವಿದ್ವಾಂಸರು. ಅವರನ್ನು ವಿದ್ವತ್ತಿನ ಅಳತೆಯಲ್ಲೇ ಅಳೆಯಬೇಕು.

ಗಂಗೂಬಾಯಿಯವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಮೈಸೂರಿನಲ್ಲಿದೆ. ಅದು ಹುಬ್ಬಳ್ಳಿ–ಧಾರವಾಡದಲ್ಲಿ ಇರಬೇಕಿತ್ತೆಂಬುದು ನನ್ನ ಹಳೆಯ ಕೊರಗು, ಇರಲಿ. ಅಲ್ಲಿ ಸಹಗಾಯನವನ್ನು ಪ್ರತ್ಯೇಕ ವಿದ್ಯೆಯಾಗಿ ಕಲಿಸಲಿ, ಮೊದಲ ಪಾಠಕ್ಕೆ ಕೃಷ್ಣಾ ಹಾನಗಲ್ ಅವರ ಧ್ವನಿಮುದ್ರಣಗಳನ್ನೇ ಇಡಲಿ.