ಬ್ಯಾಕಪ್ ಐತಲ್ರೀ, ಮತ್ತೇನ್ ಚಿಂತಿ?

ನಿನ್ನೆ ರಾತ್ರಿ ಹನ್ನೊಂದೂವರೆಗೆ ಬ್ಯಾಡಗಿಯಿಂದ ಹುಬ್ಬಳ್ಳಿಗೆ ವಾಪಸ್ ಬಂದೆ. ಇನ್ನೂ ಸೀನು ನಿಂತಿಲ್ಲ. ಕರ್ಚೀಫು ನೋಡಿದರೆ ಕೆಂಪಗಾಗಿದೆ. "ಸರ್ವರ್ ರಿಪೇರಿ ಮಾಡಾಕ ಹೋಗಿದ್ರೋ, ಖಾರಪುಡಿ ಕುಟ್ಟಾಕ ಹೋಗಿದ್ರೋ?" ಅಂತ ಹೆಂಡತಿ ಕೇಳಿದಳು. ಎರಡಕ್ಕೂ ಅಂದೆ.

ನನ್ನಂಥವರ ಪರಿಚಯ ನಿಮಗೂ ಇರಬೇಕು. ಅಂಗಡಿಯ ಗೋಡೆ ಮೇಲೆ ಗ್ಯಾಸಿನವನ ನಂಬರಿಗೂ ನೀರಿನ ಕ್ಯಾನಿನವನ ನಂಬರಿಗೂ ನಡುವೆ ಪೆನ್ಸಿಲಿನಲ್ಲಿ "ಕಂಪ್ಯೂಟರ್" ಅಂತ ಬರೆದಿರುತ್ತದಲ್ಲ, ಅದು ನಾನು. ಹದಿನೈದು ವರ್ಷದಿಂದ ಇದೇ ಕೆಲಸ. ಈ ಹದಿನೈದು ವರ್ಷದಲ್ಲಿ ಯಾರು ಬೈದರೂ ತಡೆದುಕೊಂಡಿದ್ದೇನೆ. ಆದರೆ "ಬ್ಯಾಕಪ್ ಐತಲ್ರೀ" ಅಂದರೆ ಮಾತ್ರ ಮೈ ಉರಿಯುತ್ತದೆ.

ಭಾನುವಾರ ಬೆಳಿಗ್ಗೆ ಇಡ್ಲಿ ಬಾಯಿಗಿಡುವಾಗ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯ ಸಾವ್ಕಾರರ ಫೋನು. "ಸರ್ರ, ರಾತ್ರಿ ಕರೆಂಟ್ ಹೋಗಿ ಬಂತ್ರಿ. ಸರ್ವರ್ ಹೋತು, ಬರಲೇ ಇಲ್ಲ. ಚಿಂತಿ ಏನಿಲ್ಲ, ಬ್ಯಾಕಪ್ ಐತಿ. ಹೊಸಾ ಪೆಟ್ಟಿಗಿ ತರ್ರಿ, ಈ ಚೀಲದಾಗಿಂದ ಆ ಚೀಲಕ್ಕ ಸುರುವ್ರಿ, ಮಧ್ಯಾಹ್ನ ಊಟಕ್ಕ ಮನಿ ಮುಟ್ತೀರಿ."

ಮೆಣಸಿನಕಾಯಿ ವ್ಯಾಪಾರ ಮಾಡಿದವರಿಗೆ ಎಲ್ಲವೂ ಚೀಲವೇ.

ಹೋದೆ. ಅಂಗಡಿಯ ಲೆಕ್ಕವೆಲ್ಲ ಇರುವ ಆ ಹಳೇ ಸರ್ವರ್ 2014ರದ್ದು, ಒಳಗೆ ವಿಂಡೋಸ್ ಸರ್ವರ್ 2012 ಆರ್2. ಮುಚ್ಚಳ ಬಿಚ್ಚಿದೆ ನೋಡಿ, ಫ್ಯಾನಿನ ರೆಕ್ಕೆ ಮೇಲೆ ಬೆರಳು ದಪ್ಪ ಕೆಂಪು ಧೂಳು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತಾರೆ. 2011ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಸಂತೋಷ. ಖಾರ ಕಮ್ಮಿ ಅನ್ನುವವರು ಅಲ್ಲಿ ಒಮ್ಮೆ ಸರ್ವರ್ ಬಿಚ್ಚಿ ಊದಲಿ. ನಾನು ಸೀನಿದೆ, ಸಾವ್ಕಾರರು ಸೀನಿದರು, ಹೊರಗೆ ಚೀಲ ಹೊರುತ್ತಿದ್ದ ಹಮಾಲರು ಮಾತ್ರ ನಕ್ಕರು. ಮದರ್‌ಬೋರ್ಡ್ ಸುಟ್ಟಿತ್ತು. ಆ ಮಾದರಿ ಈಗ ಎಲ್ಲೂ ಸಿಗುವುದಿಲ್ಲ. ನಾನು ತಂದಿದ್ದ ಹೊಸ ಪೆಟ್ಟಿಗೆಯಲ್ಲಿ ಬೋರ್ಡು ಬೇರೆ, ಡಿಸ್ಕಿನ ಕಂಟ್ರೋಲರ್ ಬೇರೆ, ನೆಟ್‌ವರ್ಕ್ ಕಾರ್ಡೂ ಬೇರೆ. ಜಗಳ ಶುರುವಾಗಲು ಇಷ್ಟು ಸಾಕು.

ಮೊದಲನೇ ಹೊಡೆತ ದಿವಾನಜಿಯವರಿಂದಲೇ ಬಿತ್ತು. ನಲವತ್ತು ವರ್ಷದಿಂದ ಆ ಅಂಗಡಿಯ ಲೆಕ್ಕ ಬರೆದವರು. ಬಿಳಿ ಟೋಪಿ, ಕಿವಿ ಮೇಲೆ ಪೆನ್ನು. ಬ್ಯಾಕಪ್ ಡಿಸ್ಕ್ ಹಾಕಿದರೆ ಹೊಸ ಮಷಿನ್ನು ಬ್ಯಾಕಪ್ಪೇ ಇಲ್ಲ ಅಂತಿದೆ. ತೆರೆದು ನೋಡಿದೆ. ಡಿಸ್ಕಿನ ಮೇಲ್ಗಡೆಯೇ ಇರಬೇಕಾದ ಬ್ಯಾಕಪ್ ಫೋಲ್ಡರು "ಹಳೇದು" ಅಂತ ಹೆಸರಿದ್ದ ಇನ್ನೊಂದು ಫೋಲ್ಡರಿನ ಒಳಗೆ ಕೂತಿದೆ. ಅದು ತನ್ನ ಜಾಗ ಬಿಟ್ಟು ಒಳಗೆ ಹೋದರೆ ವಿಂಡೋಸ್ ಹುಡುಕುವುದೇ ಇಲ್ಲ.

"ಶನಿವಾರ ಸಂಜೀಕ ಭಾಳ ಗದ್ಲ ಕಂಡಿತು ತಮ್ಮಾ. ಸ್ವಚ್ಛ ಮಾಡಿ ಇಟ್ಟೆ" ಅಂದರು ದಿವಾನಜಿ.

ಹೊರಗೆ ತಂದಿಟ್ಟೆ. ಈಗ ಕಂಡಿತು. ಆದರೆ ರಿಸ್ಟೋರ್, ಅಂದರೆ ಬ್ಯಾಕಪ್ಪಿನಿಂದ ವಾಪಸ್ ತುಂಬುವುದು, ಆಗಲ್ಲ ಅಂತು. ಹಳೇ ಡಿಸ್ಕ್ 1 ಟಿಬಿ, ನಾನು ತಂದ ಎಸ್‌ಎಸ್‌ಡಿ 960 ಜಿಬಿ. ಒಳಗಿರುವ ಮಾಲು ಎಷ್ಟು? ಬರೀ 140 ಜಿಬಿ. ಆದರೂ ಇಡೀ ಸಿಸ್ಟಮ್ ರಿಸ್ಟೋರ್ ಮಾಡುವಾಗ ಹೊಸ ಡಿಸ್ಕು ಹಳೇದಕ್ಕಿಂತ ಒಂದು ಚೂರೂ ಚಿಕ್ಕದಿರಬಾರದು. ಹಳೇ ಗೋದಾಮಿನ ಮೂಲೆಯಲ್ಲಿ ಹತ್ತು ಚೀಲ ಇದ್ದರೂ ಹೊಸ ಗೋದಾಮು ಅಷ್ಟೇ ದೊಡ್ಡದು ಬೇಕಂತೆ. ಭಾನುವಾರ ಹುಬ್ಬಳ್ಳಿಯಲ್ಲಿ ಯಾವ ಅಂಗಡಿ ತೆಗೆದಿರುತ್ತದೆ? ಕೊಪ್ಪೀಕರ ರೋಡಿನ ಗೆಳೆಯನನ್ನು ಊಟದಿಂದ ಎಬ್ಬಿಸಿ, ಅಂಗಡಿ ತೆಗೆಸಿ, 2 ಟಿಬಿಯ ಎರಡು ಡಿಸ್ಕ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಲು ಹೇಳಿದೆ. ಮೋಟೆಬೆನ್ನೂರು ಕ್ರಾಸಿನಲ್ಲಿ ಬಿಸಿಲಲ್ಲಿ ನಿಂತು ಬಂದ ಬಂದ ಬಸ್ಸಿಗೆಲ್ಲ ಕೈ ಮಾಡಿದ್ದಾಯ್ತು. ನಾಲ್ಕನೇ ಬಸ್ಸಿನ ಕಂಡಕ್ಟರ್ ಕೆಳಗಿಳಿದು, "ಪೇಡೆ ಏನ್ರೀ?" ಅಂತ ಪ್ಯಾಕೆಟ್ ಮೂಸಿ ಕೊಟ್ಟ.

ರಾತ್ರಿ ಒಂಬತ್ತು. ಹೊಸ ಮಷಿನ್ನು ಶುರುವಾಗುವ ರೀತಿಯನ್ನು ಯುಇಎಫ್‌ಐ ಬಿಟ್ಟು ಹಳೇ ಬಯೋಸ್ ಪದ್ಧತಿಗೆ ಬದಲಿಸಿದೆ. ಪೆನ್‌ಡ್ರೈವಿನಿಂದ ಕಂಟ್ರೋಲರಿನ ಡ್ರೈವರ್, ಅಂದರೆ ಅದನ್ನು ವಿಂಡೋಸಿಗೆ ಪರಿಚಯ ಮಾಡಿಸುವ ಸಾಫ್ಟ್‌ವೇರು, ಕೊಟ್ಟೆ. ಡಿಸ್ಕ್ ಕಂಡಿತು. ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆದೆ. ಎಷ್ಟು ಪರ್ಸೆಂಟ್ ಆಯಿತು ಅಂತ ಅದು ಬರೆಯತೊಡಗಿತು.

ಇಲ್ಲಿಂದ ಎರಡು ತಾಸು ನಾನು ಅನುಭವಿಸಿದ್ದು ಶತ್ರುವಿಗೂ ಬೇಡ.

ದಿವಾನಜಿಯವರು ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು. ಮಾರನೇ ದಿನ ಸೋಮವಾರ, ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರಾಟದ ಟೆಂಡರು. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಲಾರಿಗಳು ಆಗಲೇ ಬಂದು ನಿಂತಿದ್ದವು. ಮಾರಿದ ಮಾಲಿನ ಲೆಕ್ಕದ ಪಟ್ಟಿ ಸಿಗುತ್ತದೋ ಇಲ್ಲವೋ ಅಂತ ರೈತರ ಫೋನು ಒಂದರ ಹಿಂದೊಂದು. ಬೇರೆಯವರಾಗಿದ್ದರೆ "ಸಿಗತೈತಿ" ಅಂದು ಇಡುತ್ತಿದ್ದರು. ಇವರು ಲೆಕ್ಕದ ಮನುಷ್ಯ. "ಹನ್ನೆರಡು ಪರ್ಸೆಂಟ್ ಆಗೇತ್ರಿ." ಇಟ್ಟರು. ಮತ್ತೊಂದು ಫೋನು. "ಹದಿಮೂರು. ಈಗ ನೋಡ್ರಿ ನೀವು ಮಾತಾಡೂದ್ರಾಗ ಒಂದು ಏರ್ತು." ಮೂವತ್ತು ದಾಟಿದ ಮೇಲೆ ಸವಾಲು ಕೂಗುವ ಧ್ವನಿಯೇ ಬಂದುಬಿಟ್ಟಿತು. "ಮೂವತ್ತೊಂದು... ಮೂವತ್ತೆರಡು... ಮೂವತ್ತೆರಡಕ್ಕ ನಿಂತೈತಿ, ಯಾಕ ತಮ್ಮಾ?" ನಾನು ಯಾಕೂ ಇಲ್ಲ ಅಂದೆ. "ಮಾಲು ಹಸಿ ಇದ್ರ ಹಿಂಗ ನಿಲ್ಲತೈತಿ" ಅಂತ ತಾವೇ ಕಾರಣ ಹೇಳಿಕೊಂಡರು.

ಐವತ್ತಾಗುವ ಹೊತ್ತಿಗೆ ಬಾಗಿಲಲ್ಲಿ ಹಮಾಲರು, ಇಬ್ಬರು ಲಾರಿ ಡ್ರೈವರು, ಪಕ್ಕದ ಅಂಗಡಿಯ ಗುಮಾಸ್ತ ಸೇರಿದ್ದರು. ಯಾರೋ ಗಿರ್ಮಿಟ್ ತರಿಸಿದರು. ಹತ್ತೂವರೆಗೆ ಮುಗಿಯುತ್ತದೆ ಅಂತ ಒಬ್ಬ, ಹನ್ನೊಂದಾಗುತ್ತದೆ ಅಂತ ಇನ್ನೊಬ್ಬ ಚಹಾದ ಪಂದ್ಯ ಕಟ್ಟಿದರು. ಒಬ್ಬ ರೈತ ಗೋದಾಮಿನ ಕಟ್ಟೆ ಮೇಲೆ ಮಲಗಿದ್ದವನು ಪ್ರತಿ ಹತ್ತು ಪರ್ಸೆಂಟಿಗೆ ಎದ್ದು "ಎಷ್ಟಾತ್ರಿ?" ಅಂತ ಕೇಳಿ ಮತ್ತೆ ಮಲಗುತ್ತಿದ್ದ. ತೊಂಬತ್ತೊಂಬತ್ತು ಅಂದಾಗ ಸಾವ್ಕಾರರು ದೇವರ ಫೋಟೋದ ಮುಂದೆ ಊದುಬತ್ತಿ ಹಚ್ಚಿದರು. ನೂರು! ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಮರ್ಯಾದೆಗೆ ಒಂದು ಹೊಡೆದೆ. ಮುಂದೇನಾಗಬಹುದು ಅಂತ ಅಲ್ಲಿ ಗೊತ್ತಿದ್ದವನು ನಾನೊಬ್ಬನೇ.

ರೀಸ್ಟಾರ್ಟ್ ಆಯಿತು. ಪರದೆ ನೀಲಿಯಾಯಿತು. ಅದರ ಮೇಲೆ ಮುಖ ಸೊಟ್ಟ ಮಾಡಿದ ಒಂದು ಚಿತ್ರ.

"ನೀಲಿ ಬಂತು, ನೀಲಿ!" ಅಂತ ದಿವಾನಜಿಯವರು ಫೋನಿನಲ್ಲಿದ್ದ ಯಾರಿಗೋ ಸಂಭ್ರಮದಿಂದ ಹೇಳಿದರು. ಆಮೇಲೆ ಕನ್ನಡಕ ಸರಿ ಮಾಡಿಕೊಂಡು ನೋಡಿ, ಧ್ವನಿ ಇಳಿಸಿ, "ತಮ್ಮಾ, ಇದು ಅಳಾಕ್ಹತ್ತೇತಲ್ಲೋ" ಅಂದರು.

ಬೂಟ್ ಆಗುವ ಡಿಸ್ಕೇ ಸಿಗುತ್ತಿಲ್ಲ ಅಂತ ಅದರ ಅರ್ಥ. ನಾನು ಕೊಟ್ಟ ಡ್ರೈವರ್ ರಿಸ್ಟೋರ್ ಮಾಡಿದ ಆ ಕಪ್ಪು ರಿಕವರಿ ಪರದೆಗೆ ಗೊತ್ತಿತ್ತು, ಒಳಗೆ ಬಂದು ಕೂತ ಹಳೇ ವಿಂಡೋಸಿಗೆ ಗೊತ್ತಿರಲಿಲ್ಲ. ಮನೆ ಬದಲಿಸಿದ ಮೊದಲ ರಾತ್ರಿ ನಿದ್ದೆಗಣ್ಣಲ್ಲಿ ಎದ್ದು, ಹಳೇ ಮನೆಯ ಬಚ್ಚಲಿದ್ದ ದಿಕ್ಕಿಗೆ ನಡೆದು, ಗೋಡೆಗೆ ಹಣೆ ಬಡಿಸಿಕೊಳ್ಳುತ್ತೇವಲ್ಲ, ಹಾಗೆ. ಇದನ್ನೇ ವಿವರಿಸಿ ಹೇಳಿದೆ. ಸಾವ್ಕಾರರು ತಾಳ್ಮೆಯಿಂದ ಕೇಳಿದರು. ಕೇಳಿ ಮುಗಿಸಿ, "ಅದೆಲ್ಲಾ ಖರೇ. ಬ್ಯಾಕಪ್ ಐತಲ್ರೀ ಮತ್ತ?" ಅಂದರು.

ಅಂದು ರಾತ್ರಿ ಚೀಲದ ಮೇಲೆ ಮಲಗಿ ಸೀನಿದೆ.

ಸೋಮವಾರ ಟೆಂಡರ್ ಮುಗಿದು ಪಟ್ಟಿ ಕೊಡುವ ಹೊತ್ತಾಯಿತು, ಸರ್ವರ್ ಇನ್ನೂ ಅಳುತ್ತಲೇ ಇತ್ತು. ದಿವಾನಜಿಯವರು ಒಳಗೆ ಹೋಗಿ, ಅಟ್ಟದಿಂದ ಕೆಂಪು ಬಟ್ಟೆಯ ರಟ್ಟಿನ ಕಿರ್ದಿ ಪುಸ್ತಕ ಇಳಿಸಿ, ಧೂಳು ಝಾಡಿಸಿ (ಮತ್ತೆ ಎಲ್ಲರೂ ಸೀನಿ), ಕಾರ್ಬನ್ ಕಾಗದ ಇಟ್ಟು ಬರೆಯಲು ಕೂತರು. ಡಬ್ಬಿ ಮೆಣಸಿನಕಾಯಿ ಇಷ್ಟು, ಕಡ್ಡಿ ಮೆಣಸಿನಕಾಯಿ ಇಷ್ಟು, ಹಮಾಲಿ, ತೂಕ, ಕೈಯಲ್ಲಿ ನಿವ್ವಳ. ನಾನು ಕೆಲಸ ಬಿಟ್ಟು ನೋಡುತ್ತಾ ನಿಂತೆ. ಕ್ಯಾಲ್ಕುಲೇಟರ್ ಮುಟ್ಟಲಿಲ್ಲ. ತುಟಿ ಅಲುಗಾಡುತ್ತಿತ್ತು ಅಷ್ಟೇ. ಅಕ್ಷರ ಮುತ್ತು ಪೋಣಿಸಿದ ಹಾಗೆ. ಒಬ್ಬ ಮುದುಕ ಆ ಪಟ್ಟಿಯನ್ನು ಕಣ್ಣ ಹತ್ತಿರ ಹಿಡಿದು, "ಭಾಳ ವರ್ಷ ಆದಮ್ಯಾಲ ನಿಮ್ಮ ಅಕ್ಷರ ನೋಡಿದೆ ನೋಡ್ರಿ" ಅಂದ. ದಿವಾನಜಿಯವರು ತಲೆ ಎತ್ತಲಿಲ್ಲ. ಪುಸ್ತಕ ಹತ್ತು ವರ್ಷ ಅಟ್ಟದ ಮೇಲಿತ್ತು. ಬೇರೆ ಟೇಬಲ್ ಮೇಲೆ ಇಟ್ಟರೂ ತೆರೆಯಿತು. ಯಾವ ಡ್ರೈವರನ್ನೂ ಕೇಳಲಿಲ್ಲ.

ನನಗೆ ಆ ಹಳೇ ವಿಂಡೋಸಿಗೆ ಹೊಂದುವ ಡ್ರೈವರ್ ಸಿಕ್ಕಾಗ ಮಧ್ಯಾಹ್ನ ಮೂರು. ರಿಕವರಿ ಪರದೆಯಿಂದಲೇ ವಿಂಡೋಸಿನ ಡಿಸ್ಮ್ ಅನ್ನುವ ಕಮಾಂಡ್ ಕೊಟ್ಟು ಅದನ್ನು ಒಳಗೆ ತುರುಕಿದೆ. ಅಳು ನಿಂತಿತು, ಲಾಗಿನ್ ಪರದೆ ಬಂತು. ಆದರೆ ಬೇರೆ ಕಂಪ್ಯೂಟರುಗಳಿಗೆ ಸರ್ವರ್ ಕಾಣಿಸಲಿಲ್ಲ. ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಹಳೇ ಐಪಿ ವಿಳಾಸ ಕೊಡಲು ಹೋದರೆ, ಅದು ಈಗಾಗಲೇ ಬೇರೊಂದು ನೆಟ್‌ವರ್ಕ್ ಕಾರ್ಡಿನ ಹೆಸರಿನಲ್ಲಿದೆ ಅಂತು. ಯಾವ ಕಾರ್ಡು? ಸುಟ್ಟುಹೋದ ಪೆಟ್ಟಿಗೆಯ ಕಾರ್ಡು! ಮಷಿನ್ನಿನಲ್ಲೇ ಇಲ್ಲ, ಹೆಸರು ಮಾತ್ರ ಬಿಟ್ಟಿಲ್ಲ. ಇದು ಮಾತ್ರ ಸಾವ್ಕಾರರಿಗೆ ಥಟ್ಟನೆ ತಿಳಿಯಿತು. "ಹೊಲದ ಉತಾರದಾಗ ಸತ್ತ ಮುತ್ಯಾನ ಹೆಸರು ಉಳದಂಗ ಅನ್ರಿ! ವಾರಸಾ ಮಾಡಬೇಕು." ಡಿವೈಸ್ ಮ್ಯಾನೇಜರಿನಲ್ಲಿ ಅಡಗಿದ್ದ ಮುತ್ಯಾನನ್ನು ಹುಡುಕಿ ತೆಗೆದೆ. ನಮ್ಮ ತಲಾಠಿ ಕಚೇರಿಗಿಂತ ಬೇಗನೇ ಆಯಿತು. ಆಮೇಲೆ ವಿಂಡೋಸ್ ಆಕ್ಟಿವೇಶನ್ನು, ಅಕೌಂಟ್ಸ್ ಸಾಫ್ಟ್‌ವೇರಿನ ಲೈಸೆನ್ಸು, ಅವೆರಡೂ "ನೀನು ಯಾರು?" ಅಂತ ಕೇಳಿದವು. ಅದಕ್ಕೆ ಮೂರು ಫೋನು. ಸಂಜೆ ಏಳಕ್ಕೆ ಎಲ್ಲ ಕಂಪ್ಯೂಟರಲ್ಲೂ ಲೆಕ್ಕ ತೆರೆಯಿತು.

ಹೊರಡುವ ಮೊದಲು ರಾತ್ರಿಯ ಬ್ಯಾಕಪ್ ಮತ್ತೆ ಹಚ್ಚಿ ಹೋಗೋಣ ಅಂತ ಡಿಸ್ಕ್ ಹುಡುಕಿದೆ. ಟೇಬಲ್ ಮೇಲೆ ಇರಲಿಲ್ಲ.

"ತಿಜೋರ್ಯಾಗ ಇಟ್ಟು ಕೀಲಿ ಹಾಕೀನಿ ತಮ್ಮಾ" ಅಂದರು ದಿವಾನಜಿ. "ಎರಡು ದಿವಸ ನೋಡಿದ್ನೆಲ್ಲ ಅದರ ಕಿಮ್ಮತ್ತು. ಹೊರಗ ಇಡೂ ವಸ್ತು ಅಲ್ಲ ಅದು."

"ಸರಿ, ಕೀಲಿ ಕೊಡ್ರಿ."

"ಕೀಲಿ ಸಾವ್ಕಾರ್ರ ಹತ್ರ ಐತಿ. ಅವ್ರು ಈಗರ ರಾಣೇಬೆನ್ನೂರಿಗೆ ಮದುವಿಗೆ ಹೋದ್ರು, ನಾಡದ ಬರ್ತಾರ." ನನ್ನ ಮುಖ ನೋಡಿ ಅವರಿಗೂ ಕನಿಕರ ಬಂದಿರಬೇಕು. "ಇವತ್ತೊಂದು ರಾತ್ರಿ ಬಿಡ ತಮ್ಮಾ. ಬ್ಯಾಕಪ್ ಐತಲ್ಲ?"