ಗೊಮ್ಮಟನಿಗೆ ಹನ್ನೆರಡು ನಿಮಿಷ

ಭಾನುವಾರದ ಪತ್ರಿಕೆಯ ನಡುವಿನಿಂದ ಜಾರಿ ಕಾಫಿ ಲೋಟದ ಪಕ್ಕಕ್ಕೆ ಬಿದ್ದ ಕರಪತ್ರದಲ್ಲಿ ‘ಒಂದೇ ದಿನದಲ್ಲಿ ಶ್ರವಣಬೆಳಗೊಳ, ಬೇಲೂರು, ಹಳೇಬೀಡು, ತಿಂಡಿ, ಊಟ ಸಹಿತ’ ಎಂದು ಕೆಂಪು ಅಕ್ಷರಗಳಲ್ಲಿ ಅಚ್ಚಾಗಿತ್ತು. ಸಾವಿರ ವರ್ಷದ ಇತಿಹಾಸವನ್ನೂ ಇಡ್ಲಿ-ವಡೆಯನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಕೂರಿಸಿದ ಸಂಘಟಕರ ಸಮದರ್ಶಿತ್ವಕ್ಕೆ ಮಾರುಹೋಗಿ ನನಗೂ ಹೆಂಡತಿಗೂ ಎರಡು ಸೀಟು ಕಾದಿರಿಸಿದೆ. ಬೆಂಗಳೂರಿನಿಂದ ಹೊರಟು ಮೂರೂ ಊರುಗಳನ್ನು ಮುಟ್ಟಿ ಹಿಂದಿರುಗಲು ಸುಮಾರು 450 ಕಿಲೋಮೀಟರ್ ಆಗುತ್ತದೆ, ಹತ್ತು ಗಂಟೆ ಬಸ್ಸಿನಲ್ಲೇ ಕಳೆದುಹೋಗುತ್ತದೆ ಎಂಬ ಲೆಕ್ಕ ನನಗೆ ಹೊಳೆದದ್ದು ದುಡ್ಡು ಕೊಟ್ಟ ಮೇಲೆ. ಊಟ, ಕಾಫಿ, ಕಳೆದುಹೋದ ಚಪ್ಪಲಿಯ ಹುಡುಕಾಟ ಇವೆಲ್ಲ ಮುಗಿದು ಮಿಕ್ಕ ಹೊತ್ತು ಸಂಸ್ಕೃತಿಗೆ ಮೀಸಲು.

ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತಿ, ಏದುಸಿರು ಅಡಗಿ, ತಲೆ ಎತ್ತುವಷ್ಟರಲ್ಲಿ ಕೆಳಗಿನಿಂದ ಬಸ್ಸಿನ ಮ್ಯಾನೇಜರರ ಫೋನು ಬಂತು. ರಾಜ್ಯವನ್ನು ಗೆದ್ದೂ ಬಿಟ್ಟು, ಕಾಲಬಳಿ ಹುತ್ತ ಬೆಳೆದು ತೋಳಿನವರೆಗೆ ಬಳ್ಳಿ ಹಬ್ಬಿದರೂ ಅಲುಗದೆ ನಿಂತವನ ಎದುರು ನಾವು ನಿಂತದ್ದು ಒಟ್ಟು ಹನ್ನೆರಡು ನಿಮಿಷ. ಅದರಲ್ಲಿ ಒಂಬತ್ತು ನಿಮಿಷ ನಮ್ಮ ತಂಡ ಅವನಿಗೆ ಬೆನ್ನು ಹಾಕಿಯೇ ನಿಂತಿತ್ತು, ಏಕೆಂದರೆ ಸೆಲ್ಫಿಯಲ್ಲಿ ಗೊಮ್ಮಟ ಹಿಂದೆ ಬರಬೇಕು. ಐವತ್ತೆಂಟು ಅಡಿಯ ಮೂರ್ತಿ ಚೌಕಟ್ಟಿನಲ್ಲಿ ಹಿಡಿಸದೆ ಹಲವರ ಫೋಟೋದಲ್ಲಿ ಮೊಣಕಾಲು ಮಾತ್ರ ಬಂದಿದೆ. ಎದುರಿನ ಚಂದ್ರಗಿರಿಯ ಹೆಸರು ಕರಪತ್ರದಲ್ಲಿ ಇರಲಿಲ್ಲ. ಚಂದ್ರಗುಪ್ತ ಮೌರ್ಯನು ಜೈನ ಮುನಿ ಭದ್ರಬಾಹುವನ್ನು ಹಿಂಬಾಲಿಸಿ ಬಂದು ಅಲ್ಲಿ ಸಲ್ಲೇಖನ, ಎಂದರೆ ಉಪವಾಸದಿಂದ ದೇಹ ಬಿಡುವ ವ್ರತ, ಕೈಗೊಂಡನೆಂದು ಜೈನ ಪರಂಪರೆ ಹೇಳುತ್ತದೆ. ಪಾಪ, ಅವನು ತಿಂಡಿ, ಊಟ ಸಹಿತವಾಗಿ ಬಂದವನಲ್ಲ.

ಬೇಲೂರು ತಲುಪಿದಾಗ ಗರ್ಭಗುಡಿಯ ಬಾಗಿಲನ್ನು ಮಧ್ಯಾಹ್ನಕ್ಕೆಂದು ಹಾಕಿದ್ದರು. ಆದ್ದರಿಂದ ಚೆನ್ನಕೇಶವನನ್ನು ಕಾರ್ಯಕ್ರಮದಿಂದ ಕೈಬಿಟ್ಟು ಅವನ ಗುಡಿಯನ್ನು ಮಾತ್ರ ತೋರಿಸಲಾಯಿತು. ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ್ದು, ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕೆತ್ತಿದ ಮೂರ್ತಿಗಳ ಅಡಿಯಲ್ಲಿ ಹೆಸರು ಬರೆದುಕೊಂಡದ್ದು ಇಂಥವೆಲ್ಲ ಶಾಸನದಲ್ಲಿರುವ ಸಪ್ಪೆ ಸಂಗತಿಗಳು. ನಮ್ಮ ಗೈಡ್ ಮಹಾಶಯರು ಅವುಗಳ ತಂಟೆಗೆ ಹೋಗದೆ ಟಾರ್ಚನ್ನು ನೇರವಾಗಿ ಒಂದು ವಿಗ್ರಹದ ಪಾದಕ್ಕೆ ಬಿಟ್ಟು, “ನೋಡಿ ಸಾರ್, ಹೈಹೀಲ್ಸ್! ಒಂಬೈನೂರು ವರ್ಷದ ಹಿಂದೆಯೇ!” ಎಂದರು. ಜನ ಚಪ್ಪಾಳೆ ತಟ್ಟಿದರು. ಹೊಯ್ಸಳರು ಚಪ್ಪಲಿ ಹೊಲಿದುದಕ್ಕೆ ಸಿಕ್ಕಿದ ಗೌರವ ಕಲ್ಲು ಕೆತ್ತಿದುದಕ್ಕೆ ಸಿಗಲಿಲ್ಲ.

ಆಮೇಲೆ ಅಂಗಳದ ದೀಪಸ್ತಂಭ. ನಲವತ್ತೆರಡು ಅಡಿಯ ಕಂಬ ತನ್ನ ಭಾರದಲ್ಲೇ ನಿಂತಿದೆ ಎಂದು ಹೇಳಿ, ಬುಡದ ಒಂದು ಮೂಲೆಯ ಸಂದಿನಲ್ಲಿ ಹಾಳೆ ತೂರಿಸಿ ತೋರಿಸುವುದು ಅಲ್ಲಿನ ವಾಡಿಕೆ. ಆ ದಿನ ತೂರಿಸಿದ್ದು ನಮ್ಮ ಕರಪತ್ರವನ್ನೇ. ಹೊಯ್ಸಳ ಕಂಬದ ಅಡಿಯಲ್ಲಿ ‘ತಿಂಡಿ, ಊಟ ಸಹಿತ’ ಎಂಬ ಕೆಂಪು ಅಕ್ಷರಗಳು ಹೋಗಿ ಬರುವುದನ್ನು ನಲವತ್ತು ಜನ ವಿಡಿಯೋ ಮಾಡಿಕೊಂಡರು. ಇಲ್ಲಿ ಗೈಡ್‌ಗಳಿಗೆ ನನ್ನದೊಂದು ಪುಕ್ಕಟೆ ಕೊಡುಗೆ ಇದೆ. ಕಂಬ ನಲವತ್ತೆರಡು ಅಡಿ, ಮದನಿಕೆಯರು ಎಂಬ ಸುಂದರಿಯರ ಶಿಲ್ಪಗಳು ನಲವತ್ತೆರಡು, ಮತ್ತು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಈ ಹೊಯ್ಸಳ ದೇಗುಲಗಳು ಭಾರತದ ನಲವತ್ತೆರಡನೆಯ ವಿಶ್ವ ಪರಂಪರೆಯ ತಾಣ. ಇದು ಅವರ ಕಣ್ಣಿಗೆ ಬಿದ್ದ ದಿನ, ಯುನೆಸ್ಕೋದ ತೀರ್ಮಾನ ಹೊಯ್ಸಳರಿಗೆ ಮೊದಲೇ ತಿಳಿದಿತ್ತು ಎಂಬುದು ಸಿದ್ಧಾಂತವಾಗುತ್ತದೆ.

ಈ ಗದ್ದಲದಲ್ಲಿ ನನ್ನ ಹೆಂಡತಿ ಸುಮ್ಮನೆ ನನ್ನ ತೋಳು ಜಗ್ಗಿ ಮೇಲೆ ತೋರಿಸಿದಳು. ಮದನಿಕೆಯೊಬ್ಬಳ ತಲೆಯ ಮೇಲಿನ ಬಳ್ಳಿ-ಎಲೆಗಳ ನಡುವೆ ಒಂದು ಹಲಸಿನ ಹಣ್ಣು, ಅದರ ಮೇಲೆ ಒಂದು ನೊಣ, ಆ ನೊಣಕ್ಕೆ ಹೊಂಚು ಹಾಕಿದ ಒಂದು ಹಲ್ಲಿ. ಒಂಬೈನೂರು ವರ್ಷದಿಂದ ಹಲ್ಲಿ ನೊಣವನ್ನು ಹಿಡಿದಿಲ್ಲ, ನೊಣ ಹಾರಿಲ್ಲ. ಅದನ್ನು ಇನ್ನೂ ಸ್ವಲ್ಪ ನೋಡೋಣವೆಂದರೆ ಬಸ್ಸಿನ ಹಾರ್ನ್ ಕೇಳಿಸಿತು.

ಹಳೇಬೀಡಿನಲ್ಲಿ ನಮಗೆ ಮುಕ್ಕಾಲು ಗಂಟೆ. ಹಿಂದೆ ಇದೇ ದೋರಸಮುದ್ರಕ್ಕೆ 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರ್ ಬಂದಿದ್ದ; ಲೂಟಿಗೆಂದೇ ಬಂದವನಾದರೂ ನಮಗಿಂತ ಹೆಚ್ಚು ಹೊತ್ತು ಇದ್ದು ಹೋದ. ಅಲ್ಲಿಯ ಹೊಯ್ಸಳೇಶ್ವರ ಗುಡಿಯಿಂದ ಸ್ವಲ್ಪ ದೂರದಲ್ಲಿ ಪಾರ್ಶ್ವನಾಥ ಬಸದಿಯಿದೆ, ಅಲ್ಲಿಯ ಕಂಬಗಳಿಗೆ ಎಂಥ ನಯಗೆಲಸವೆಂದರೆ ಎದುರು ನಿಂತವರ ನೆರಳು ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ. ನಮ್ಮ ಬಸ್ಸಿನಲ್ಲಿದ್ದ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಮದುವೆಯಾದ ಹೊಸದರಲ್ಲಿ ಆ ಕಂಬದಲ್ಲಿ ಮುಖ ನೋಡಿಕೊಂಡಿದ್ದರಂತೆ, ಇನ್ನೊಮ್ಮೆ ನೋಡಬೇಕೆಂದರು. “ಅದು ಪ್ಯಾಕೇಜಿನಲ್ಲಿ ಬರಲ್ಲ ಅಮ್ಮಾ” ಎಂದು ಮ್ಯಾನೇಜರರು ಬಹಳ ವಿನಯದಿಂದಲೇ ಹೇಳಿದರು.

ಆ ಅಜ್ಜಿ ಬೆಳಗಿನಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ಬಾಟಲಿ ಕೊಟ್ಟರೆ, “ಕುಡಿದು ಎಲ್ಲಿಗೆ ಹೋಗಲಪ್ಪಾ?” ಎಂದರು. ದಾರಿಯಲ್ಲಿ ಬಸ್ಸು ನಿಂತ ಕಡೆಯ ಶೌಚಾಲಯಗಳನ್ನು ಕಂಡವರು ಆ ಪ್ರಶ್ನೆಗೆ ಉತ್ತರ ಹೇಳಲಾರರು. ಒಂದರಲ್ಲಿ ನೀರಿಲ್ಲ, ಇನ್ನೊಂದಕ್ಕೆ ಚಿಲಕವಿಲ್ಲ, ಮತ್ತೊಂದಕ್ಕೆ ಬೀಗ. ಹೈಹೀಲ್ಸ್ ಕಥೆ ಹೇಳಿ ನಗಿಸುವುದೆಲ್ಲ ಸರಿ; ಆದರೆ ವಿಶ್ವ ಪರಂಪರೆಯನ್ನು ನೋಡಲು ಹೊರಟ ಮುದುಕಿಯೊಬ್ಬಳು ಹದಿನಾಲ್ಕು ಗಂಟೆ ಬಾಯಾರಿ ಕೂರಬೇಕಾದದ್ದು ನನಗೆ ತಮಾಷೆಯಾಗಿ ಕಾಣುವುದಿಲ್ಲ. ಪ್ರತಿ ವರ್ಷ ಇದನ್ನೇ ಬರೆದು ನನಗೂ ಸಾಕಾಗಿದೆ.

ಹೊಯ್ಸಳೇಶ್ವರದ ಗೋಡೆಯ ಮರೆಯಲ್ಲಿ ಎರಡು ಹೆಸರುಗಳು, ನಡುವೆ ಬಾಣ ಚುಚ್ಚಿದ ಹೃದಯ, ಕೆಳಗೆ ಇಸವಿ ಕಂಡವು. ಈ ಗುಡಿಗಳ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಎಂದರೆ ದಾಸೋಜನಿಗೆ ಸಿಕ್ಕ ಅನುಕೂಲವೂ ಈ ಕಲಾವಿದನಿಗೆ ಇರಲಿಲ್ಲ. ಬೈಕಿನ ಕೀಲಿಯೊಂದನ್ನೇ ನೆಚ್ಚಿಕೊಂಡು ಅವನು ಇಷ್ಟು ಸಾಧಿಸಿದ್ದಾನೆ. ಸಂರಕ್ಷಿತ ಸ್ಮಾರಕವನ್ನು ಹಾಳುಗೆಡವಿದವರಿಗೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದೆಂದು ಪ್ರಾಚೀನ ಸ್ಮಾರಕಗಳ ಕಾಯಿದೆಯ 2010ರ ತಿದ್ದುಪಡಿಯಲ್ಲೇ ಬರೆದಿದೆ. ಕಾನೂನನ್ನು ಬರೆದದ್ದು ಕಾಗದದ ಮೇಲೆ, ಇವನು ಬರೆದದ್ದು ಕಲ್ಲಿನ ಮೇಲೆ.

ಮರುದಿನ ಸಂಘಟಕರಿಂದ ವಾಟ್ಸಾಪ್ ಸಂದೇಶ ಬಂತು. ಯುನೆಸ್ಕೋ ಪಟ್ಟಿಯಲ್ಲಿರುವ ಮೂರನೆಯ ಹೊಯ್ಸಳ ದೇಗುಲವಾದ ಸೋಮನಾಥಪುರವನ್ನೂ ಗ್ರಾಹಕರ ಒತ್ತಾಯದ ಮೇರೆಗೆ ಬರುವ ತಿಂಗಳಿನಿಂದ ಇದೇ ಪ್ಯಾಕೇಜಿಗೆ ಸೇರಿಸಲಾಗಿದೆಯಂತೆ. ದರದಲ್ಲಿ ಬದಲಾವಣೆ ಇಲ್ಲ. ಬಸ್ಸು ಬೆಳಿಗ್ಗೆ ಆರರ ಬದಲು ಮೂರೂವರೆಗೆ ಹೊರಡುತ್ತದೆ.